ತಿಕೋಟಾ ಬಸ್ಸಿನ ಮೌನ

“ಮಕ್ಕಳೆಷ್ಟೋ ಸೈಫುದ್ದೀನ?”

ಸೈಫುದ್ದೀನ ಉತ್ತರಿಸಲಿಲ್ಲ. ಸ್ಟಿಯರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ರಸ್ತೆ ನೋಡಿದ.

ಕೇಳಿದವರು ಪಕ್ಕದ ಸೀಟಿನ ಬಸಲಿಂಗಯ್ಯ, ಬಬಲೇಶ್ವರದವರು. ವಿಜಾಪುರ ಬಿಟ್ಟಾಗಿನಿಂದ ಅವರ ಬಾಯಿ ಮುಚ್ಚಿರಲಿಲ್ಲ. ತನ್ನನ್ನು ಪರೀಕ್ಷಿಸಲು ಬಂದವರು ಇವರೇ ಎಂಬುದರಲ್ಲಿ ಸೈಫುದ್ದೀನನಿಗೆ ಸಂಶಯವೇ ಇರಲಿಲ್ಲ.

ಹಿರಿಯರು ಮಾತನಾಡಿಸಿದರೆ ಮುಖ ನೋಡಿ ಉತ್ತರಿಸಬೇಕು. ಈ ಸೀಮೆಯಲ್ಲಿ ಅದು ಮರ್ಯಾದೆ. ಸೈಫುದ್ದೀನ ಬಸ್ಸು ಓಡಿಸುವಾಗಲೂ ಅದನ್ನು ಬಿಟ್ಟವನಲ್ಲ. ಹೋದ ತಿಂಗಳು ಸಾರವಾಡದ ಹತ್ತಿರ, ಹಿಂದೆ ಕುಳಿತ ಮುದುಕಿಗೆ ಪೂರ್ತಿ ತಿರುಗಿ “ಆರಾಮ ಅದೀನ್ರಿ ಯವ್ವಾ” ಎನ್ನುವಷ್ಟರಲ್ಲಿ ಬಸ್ಸು ಒಂದು ಚಕ್ಕಡಿಯನ್ನು ಉರುಳಿಸಿತ್ತು. ಎತ್ತಿನ ಕಾಲು ಮುರಿಯಿತು.

ಮಾಲಕ ಅಮರಪ್ಪ ಬಸ್ಸಿನೊಳಗೆ ದೊಡ್ಡ ಅಕ್ಷರದಲ್ಲಿ ಬರೆಸಿದರು: ‘ಚಾಲಕರನ್ನು ಮಾತನಾಡಿಸಬಾರದು.’ ಓದು ಬಲ್ಲವರು ಅದನ್ನು ಚಾಲಕನಿಗೇ ಓದಿ ಹೇಳತೊಡಗಿದರು. ಅಮರಪ್ಪ ಸಂತೆಗಳಲ್ಲಿ ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿ, ಬಸ್ಸು ಹತ್ತಿ, ಭಾಷಣವನ್ನು ಚಾಲಕನಿಗೆ ವರ್ಣಿಸಿದರು.

ಆ ಮುಂಜಾನೆ ಟಿಕೀಟು ಕೊಡುವ ಕುತುಬುದ್ದೀನ ಕಿವಿಯಲ್ಲಿ ಉಸುರಿದ್ದ: “ಇವತ್ತ ನಿನ್ನ ಪರೀಕ್ಷಾ ಐತಿ. ಗುರ್ತಾ ಹೇಳಲಾರದ ಒಬ್ರು ಬರ್ತಾರ. ಒಮ್ಮಿ ತಿರುಗಿದಿ, ಕೆಲಸಾ ಹೋತು.”

ಅದೇ ಗುಟ್ಟನ್ನು ಅವನು ಒಬ್ಬೊಬ್ಬ ಪ್ರಯಾಣಿಕರ ಕಿವಿಯಲ್ಲೂ ಉಸುರಿದ್ದ.

ತೊರವಿ ದಾಟಿದ ಮೇಲೆ ಏರಿನಲ್ಲಿ ಬಸ್ಸು ಉಬ್ಬಸಪಟ್ಟಿತು. ಯುದ್ಧಕಾಲ, ಪೆಟ್ರೋಲ್ ಇಲ್ಲ. ಇದ್ದಿಲು ಸುಟ್ಟು ಬರುವ ಗ್ಯಾಸಿನಲ್ಲಿ ಓಡುವ ಗಾಡಿ. ವಾಡಿಕೆಯಂತೆ ಗಂಡಸರು ಇಳಿದು ತಳ್ಳಿದರು. ಹಿಂದಿನ ಸೀಟಿನಲ್ಲಿ ಹೊಗೆಗೆ ಮುಖದ ತುಂಬ ವಸ್ತ್ರ ಸುತ್ತಿಕೊಂಡು ಕೆಮ್ಮುತ್ತಿದ್ದವರೂ ಭುಜ ಕೊಟ್ಟರು. ಎಂಜಿನ್ ಹಿಡಿಯಿತು. ಇಂಥ ಗಾಡಿಯನ್ನು ಏರಿನಲ್ಲಿ ನಿಲ್ಲಿಸುವಂತಿಲ್ಲ. ತಳ್ಳಿದವರು ಓಡುತ್ತ ಬಂದು ಹತ್ತುವುದೇ ರೂಢಿ.

ಬಸಲಿಂಗಯ್ಯ ಕಿಟಕಿಯಿಂದ ತಲೆ ಹೊರಹಾಕಿದವರು ಒಮ್ಮೆಲೇ ಕೂಗಿದರು.

“ಏ, ನಿಂದರಸೋ! ಒಬ್ರು ಉಳದಾರೋ!”

ಸೈಫುದ್ದೀನ ಕನ್ನಡಿಯ ಕಡೆಗೂ ಕಣ್ಣು ಹಾಯಿಸಲಿಲ್ಲ.

“ನೋಡಬ್ಯಾಡ ತಮ್ಮಾ!” ಹಿಂದಿನಿಂದ ದುಂಡವ್ವ ಎಂಬ ಮುದುಕಿ ಎಚ್ಚರಿಸಿದಳು. “ನಾವೆಲ್ಲಾ ಇಲ್ಲೇ ಅದೇವಿ. ಅಯ್ಯನವರು ಬಯಲಾಟದಾಗ ಇರಬೇಕಿತ್ತ ನೋಡು!”

“ನೀ ಸುಮ್ಕಿರಬೇ ಮುದುಕಿ! ಯಪ್ಪಾ, ಕೈ ಮುಗೀತೀನಿ, ಒಮ್ಮಿ ಹಿಂದ ನೋಡೋ! ಅಲ್ಲಿ...”

ಬಸ್ಸಿಗೆ ಬಸ್ಸೇ ನಕ್ಕಿತು. ಮುಂದಿನ ಮಾತು ನಗೆಯಲ್ಲಿ ಮುಳುಗಿತು. ಮನೆಯಲ್ಲಿ ಹೆಂಡತಿ ದಾವಲಬಿ ಮತ್ತು ಮಕ್ಕಳು ಸೈಫುದ್ದೀನನ ಒಂದು ಸಂಬಳದ ಮೇಲಿದ್ದರು. ಎದುರು ಬಂದ ಚಕ್ಕಡಿಗೆ ದೂರದಿಂದಲೇ ದಾರಿ ಬಿಟ್ಟ. ಕುರಿಹಿಂಡು ಕಂಡು ವೇಗ ತಗ್ಗಿಸಿದ. ಇಷ್ಟು ಚೆನ್ನಾಗಿ ಅವನು ಎಂದೂ ಬಸ್ಸು ನಡೆಸಿರಲಿಲ್ಲ.

ತಿಕೋಟಾ ಬಂತು. ದುಂಡವ್ವ ಅವನಿಗೆ ನೆಟಿಕೆ ಮುರಿದು ದೃಷ್ಟಿ ತೆಗೆದಳು. ಸೈಫುದ್ದೀನ ಇಳಿದು ಬಂದು, ಬಸಲಿಂಗಯ್ಯನವರ ಮುಖವನ್ನು ನೇರವಾಗಿ ನೋಡಿ ಕೈ ಮುಗಿದ.

“ತಪ್ಪ ತಿಳಕೋಬ್ಯಾಡ್ರಿ ಅಯ್ಯನವರ. ನಾಕ ಮಕ್ಕಳ್ರಿ ನನಗ. ನಾ ಪಾಸಾದೆ ಅಂತ ಮಾಲಕರಿಗೆ ನೀವ ಹೇಳಬೇಕ್ರಿ.”

ಕೂಗಿ ಕೂಗಿ ಬಸಲಿಂಗಯ್ಯನವರ ಗಂಟಲು ಒಡೆದಿತ್ತು.

“ನೀನ ಹೋಗಿ ಹೇಳಪಾ. ಮುಖದ ವಸ್ತ್ರ ಕಿತ್ತೊಗದು, ‘ನಾ ಅಮರಪ್ಪ, ನಾ ಅಮರಪ್ಪ’ ಅಂತ ಏರಿನ್ಯಾಗ ಬಸ್ಸಿನ ಹಿಂದ ಓಡಾಕತ್ತಿದ್ರು.”