ಸಾವಿಗೆ ಗೊತ್ತಿರುವ ಹೆಸರು

ವೈದ್ಯರು ಕೈಚೆಲ್ಲಿದ ಮೇಲೆ ತಾಯಿ ತಮ್ಮ ಯಹೂದಿ ಮಂದಿರದ ಗುರುಗಳನ್ನು ಆಸ್ಪತ್ರೆಗೆ ಕರೆಸಿಕೊಂಡಳು.

"ಸಾಯೋರಿಗೆ ಹೊಸ ಹೆಸರಿಟ್ಟರೆ, ಹಳೇ ಹೆಸರು ಹಿಡಿದು ಹುಡುಕ್ಕೊಂಡು ಬರೋ ಮೃತ್ಯುದೂತ ವಾಪಸ್ ಹೋಗ್ತಾನೆ ಅಂತಾರಲ್ಲ ನಮ್ಮಲ್ಲಿ? ನನ್ನ ಮಗ ಬೆಂಜಮಿನ್‌ಗೂ ಒಂದು ಹೆಸರಿಡಿ, ಗುರುಗಳೇ."

"ನಾಲ್ಕು ವರ್ಷದ ಹಿಂದೆಯೇ ಇಟ್ಟೆ, ತಾಯಿ. 'ನಾನು ಹೆಣ್ಣು, ಆ ಹೆಸರಲ್ಲಿ ದಿನಾ ಸಾಯ್ತಿದ್ದೀನಿ' ಅಂತ ಅಳ್ತಾ ಬಂದಿದ್ದಳು. ಮಿಲ್ಕಾ ಅಂತ ಕರೆದೆ. ಅವತ್ತಿಂದ ಪ್ರತಿ ಶುಕ್ರವಾರ ಸಂಜೆ, ಹೆಣ್ಣುಮಕ್ಕಳು ಹಚ್ಚೋ ಸಬ್ಬತ್ ದೀಪಾನ ನಮ್ಮನೇಲಿ ಹಚ್ಚೋಳು ಅವಳೇ. ಹಾಗೇ ಬದುಕಿಕೊಂಡಳು."

"ಆ ಹೆಸರು ನನ್ನ ಬಾಯಲ್ಲಿ ಬರಲ್ಲ. ಬೇರೆ ಯಾವುದಾದರೂ ಗಂಡು ಹೆಸರಿಡಿ."

ಗುರುಗಳು ಗಾಜಿನಾಚೆ ಮಲಗಿದ್ದವಳ ಕಡೆ ತಿರುಗಿದರು.

"ಬೆಂಜಮಿನ್ ಅಂತ ಅವಳನ್ನ ಈಗ ಕರೆಯೋರು ಇಬ್ಬರೇ, ತಾಯಿ. ನೀವು, ಮತ್ತೆ ಆ ದೂತ."