ಮೋಡದ ಮೇಲಿನ ಚುಕ್ಕೆ

ಬಾಗಿಲು ತೆರೆದ ಸೊಸೆ ಮೊದಲು ನೋಡಿದ್ದು ಬಂದವಳ ಮುಖವನ್ನಲ್ಲ, ಅವಳು ಎದೆಗವಚಿಕೊಂಡಿದ್ದ ಚೀಲವನ್ನು.

"ಅದೇ ತಾನೇ?"

"ಅದೇ ಡಿಸ್ಕು. ಅಂಗಡಿಗೆ ಬರೋದು ಮುಂದಿನ ವಾರ. ಸರ್‌ಗೆ ಮೊದಲು ತೋರಿಸೋಣ ಅಂತ ತಂದೆ."

"ಅಬ್ಬಾ, ಕೊನೆಗೂ ಬಂತಲ್ಲ! ಬಿಡುಗಡೆ ಮುಂದಕ್ಕೆ ಹೋಯ್ತು ಅಂದ ದಿನ ಮಾವ ಸರಿಯಾಗಿ ಊಟಾನೇ ಮಾಡಲಿಲ್ಲ. ಆ ಅನಿಮೆ ಹುಚ್ಚಿನ ಹುಡುಗರಾದರೂ ವಾಸಿ, ಇವರ ಕಾಟ ತಡೆಯೋಕಾಗಲ್ಲ. ಬನ್ನಿ, ಒಳಗೆ ಬನ್ನಿ."

ಬಂದವಳ ಮುಖ ಸಣ್ಣದಾಯಿತು. ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸಿದಳು.

ಹಳೆಯ ಸಿನಿಮಾಗಳನ್ನು ಶುಚಿ ಮಾಡುವುದು ಅವಳ ಕೆಲಸ. ಕೈಯಲ್ಲಿ ಬರೆದ ಚಿತ್ರಗಳನ್ನೇ ಚಲಿಸುವಂತೆ ಮಾಡಿದ ಅನಿಮೆ ಸಿನಿಮಾದ ಸುರುಳಿಯನ್ನು ಕಂಪ್ಯೂಟರಿಗೆ ಇಳಿಸಿ, ಒಂದೊಂದೇ ಚಿತ್ರ ತೆರೆದು, ಧೂಳು, ಕೂದಲು, ಗೀರು ಒರೆಸಬೇಕು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಪೊರಕೆ ಎಂದೇ ಕರೆಯುತ್ತಿದ್ದರು. ಅವಳಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆಯಿತ್ತು, ಈ ಡಿಸ್ಕಿನ ಅನಿಮೆಯಲ್ಲಿ ದೋಣಿಯ ದೃಶ್ಯ ಬರುವ ತನಕ.

ತಾಯಿಯನ್ನು ಹುಡುಕಿ ಹೊರಟ ಪುಟ್ಟ ಹುಡುಗಿ ಕತ್ತಲಲ್ಲಿ ಒಬ್ಬಳೇ ದೋಣಿ ನಡೆಸುತ್ತಾಳೆ. ಮೇಲೆ ಮೋಡ ಕವಿದ ಆಕಾಶ. ಅದರ ನಡುವೆ ಒಂದೇ ಒಂದು ಬಿಳಿ ಚುಕ್ಕೆ. ಅಷ್ಟು ದಟ್ಟ ಮೋಡದಲ್ಲಿ ನಕ್ಷತ್ರ ಎಲ್ಲಿಂದ ಬರಬೇಕು? ಕ್ಯಾಮೆರಾದ ಗಾಜಿಗೆ ಅಂಟಿದ ಕೊಳೆ ಎಂದು ಲೆಕ್ಕ ಹಾಕಿ, ದೃಶ್ಯದ ಉದ್ದಕ್ಕೂ ಅಳಿಸಿಬಿಟ್ಟಳು. ಯಾರನ್ನೂ ಒಂದು ಮಾತು ಕೇಳಲಿಲ್ಲ.

ಆ ಚುಕ್ಕೆ ಅಭಿಮಾನಿಗಳ ಜೀವ. ಅದು ತೀರಿಹೋದ ತಾಯಿ, ಮಗಳಿಗೆ ದಾರಿ ತೋರುತ್ತಿದ್ದಾಳೆ ಎಂಬುದು ಅವರ ನಂಬಿಕೆ. ಅದನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡವರಿದ್ದಾರೆ, ಮುಂಗೈಗೆ ಹಚ್ಚೆ ಹುಯ್ಯಿಸಿಕೊಂಡವರಿದ್ದಾರೆ. ಮಸುಕು ಕ್ಯಾಸೆಟ್ಟಿನಲ್ಲಿ ಕಂಡೂ ಕಾಣದಂತಿದ್ದ ಅದನ್ನು ಹೈ-ಡೆಫಿನಿಷನ್ ಡಿಸ್ಕಿನಲ್ಲಿ ಕಣ್ತುಂಬ ನೋಡಬೇಕೆಂದೇ ಅವರೆಲ್ಲ ಕಾದು ಕೂತಿದ್ದರು. ಅಭಿಮಾನಿ ಸಂಘದ ಕೆಲವರನ್ನು ಕರೆದು ಮೊದಲ ಪ್ರತಿ ತೋರಿಸಿದಾಗ, ದೋಣಿಯ ದೃಶ್ಯ ಮುಗಿದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ ಹೆಂಗಸು ಮೆಲ್ಲಗೆ ಕೇಳಿದಳು: "ಅಮ್ಮ ಎಲ್ಲಿ?"

ಅಂದಿನಿಂದ ಚುಕ್ಕೆ ಅಳಿಸಿದವಳಿಗೆ ದೇವರ ಮುಂದೆ ಕೂತರೂ ಕಣ್ಣು ಮುಚ್ಚಲು ಭಯ. ಮುಚ್ಚಿದರೆ ಆ ಬರಿದಾದ ಆಕಾಶ. ಕಚೇರಿಯ ಮೇಲಿನವರ ಕೈಕಾಲು ಹಿಡಿದು, ತನ್ನಿಂದ ಆಗುವುದನ್ನೆಲ್ಲ ಮಾಡಿಯಾಗಿತ್ತು. ಇನ್ನು ಉಳಿದದ್ದು ಆ ಆಕಾಶ ಬರೆದವರ ಎದುರು ನಿಂತು ತಪ್ಪು ಒಪ್ಪಿಕೊಳ್ಳುವುದು.

ಮುದುಕರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಮೊಣಕಾಲ ಮೇಲೆ ಶಾಲು. ಎದುರಿಗೆ ಟಿವಿ ಆಗಲೇ ಹಚ್ಚಿಟ್ಟು ಸಿದ್ಧವಾಗಿತ್ತು.

"ಬಾಮ್ಮಾ. ಪೊರಕೆ ಅಂದ್ರೆ ನೀನೇ ಅಲ್ವಾ?"

"ಹೌದು ಸರ್."

"ಚೆನ್ನಾಗಿ ಗುಡಿಸಿದ್ದೀಯಂತೆ. ಒಂದು ಚೂರೂ ಬಿಟ್ಟಿಲ್ಲವಂತೆ?"

ಸುದ್ದಿ ಇವರ ಕಿವಿಗೂ ಬಿದ್ದಿದೆ, ಬೇಕೆಂದೇ ಚುಚ್ಚುತ್ತಿದ್ದಾರೆ ಎಂದುಕೊಂಡಳು.

"ಆ ದೋಣಿಯ ಭಾಗ? ಅದನ್ನೂ ನೀನೇ ಮಾಡಿದ್ದಾ?"

"ಅದನ್ನ್ಯಾಕೆ ಕೇಳ್ತೀರಿ ಮಾವ?" ಸೊಸೆ ನಡುವೆ ಬಾಯಿ ಹಾಕಿದಳು. "ಕ್ಯಾಸೆಟ್ ಹಾಕಿದಾಗೆಲ್ಲ ದೋಣಿ ಬಂದ ಕೂಡಲೇ ನೀರು ಕುಡೀಬೇಕು ಅಂತ ಎದ್ದು ಹೋಗೋರು ನೀವೇ!"

"ಬಾಯಾರಿಕೆ ಕಣಮ್ಮಾ," ಎಂದರು ಮುದುಕರು. ಕಣ್ಣು ಮಾತ್ರ ಬಂದವಳ ಮೇಲೇ ಇತ್ತು.

ಅವಳಿಗೆ ತಡೆಯಲಾಗಲಿಲ್ಲ. ಕುರ್ಚಿಯ ಬುಡದಲ್ಲಿ ಕುಸಿದು ಕೂತಳು.

"ತಪ್ಪಾಯ್ತು ಸರ್. ಆ ಚುಕ್ಕೆ... ಕೊಳೆ ಅಂದುಕೊಂಡು ನಾನೇ ಅಳಿಸಿಬಿಟ್ಟೆ. ಆದರೆ..."

ಮುದುಕರ ಕೈ ಮೇಲೆದ್ದಿತು. ಅವಳು ಕಣ್ಣು ಮುಚ್ಚಿದಳು. ಆ ಕೈ ಬಂದು ಅವಳ ನೆತ್ತಿಯ ಮೇಲೆ ಕೂತಿತು.

"ಆದರೆ ಗೀದರೆ ಏನೂ ಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ, ತಾಯಿ."

ಅವರು ಅಳುತ್ತಿದ್ದರು.

"ಅದು ನಕ್ಷತ್ರ ಅಲ್ಲಮ್ಮಾ. ನನ್ನ ಕುಂಚದಿಂದ ಬಿದ್ದ ಬಣ್ಣ. ನನಗೊಬ್ಬಳು ಮಗಳಿದ್ದಳು. ಜ್ವರದಲ್ಲಿ ಮಲಗಿದ್ದಳು. ಹೋಗಬೇಡಪ್ಪಾ ಅಂದಳು. ಒಂದು ಆಕಾಶ ಬಾಕಿ ಇದೆ ಪುಟ್ಟೀ, ಮುಗಿಸಿ ಬಂದೇ ಬಿಟ್ಟೆ ಅಂತ ಹೊರಟೆ. ಮೋಡದ ಅಂಚಿಗೆ ಬಿಳಿ ಹಚ್ಚುತ್ತಿದ್ದಾಗ ಯಾರೋ ಬಂದು ಹೇಳಿದರು, ಹೋಗಿಬಿಟ್ಟಳು ಅಂತ. ಕೈ ನಡುಗಿತು."

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳಿಗೂ ಇದು ಗೊತ್ತಿರಲಿಲ್ಲ.

"ಕಾರ್ಯವೆಲ್ಲ ಮುಗಿಸಿ ನಾನು ಕೆಲಸಕ್ಕೆ ಹೋಗೋ ಹೊತ್ತಿಗೆ ಆ ಚಿತ್ರಾನ ಹಾಗೇ ಕ್ಯಾಮೆರಾದಲ್ಲಿ ಹಿಡಿದುಬಿಟ್ಟಿದ್ದರು. ಜನ ಆ ಚುಕ್ಕೆಗೆ ಕೈ ಮುಗಿದರು. ಅವರ ಸಂತೋಷ ಕೆಡಿಸೋಕೆ ನಾನ್ಯಾರು? ನನಗೆ ಮಾತ್ರ ಅದು ಕಂಡಾಗೆಲ್ಲ, ಇನ್ನೂ ಮುಗೀಲಿಲ್ವಾ ಅಪ್ಪಾ ಅಂತ ಅವಳು ಕೇಳಿದ ಹಾಗಾಗುತ್ತೆ. ಧೂಳೆಲ್ಲ ತೆಗೆದು ಹೊಸದು ಮಾಡ್ತಾರಂತೆ ಅಂತ ಕೇಳಿದ ದಿನದಿಂದ ಬೇಡಿಕೊಳ್ತಿದ್ದೆ. ಭಗವಂತಾ, ಅದನ್ನೂ ತೆಗೆಸಪ್ಪಾ, ಕಣ್ಣು ಮುಚ್ಚೋದ್ರೊಳಗೆ ನನ್ನ ಆಕಾಶ ಒಂದು ಸಲ ಚೊಕ್ಕಟವಾಗಿ ನೋಡಿಬಿಡ್ತೀನಿ ಅಂತ. ನಿನ್ನ ಕೈಯಲ್ಲಿ ಮಾಡಿಸಿದ."

ಅವಳು ಏನೋ ಹೇಳಲು ಬಾಯಿ ತೆರೆದಳು. ಕೈ ಚೀಲದೊಳಗಿನ ಡಿಸ್ಕನ್ನು ಬಿಗಿಯಾಗಿ ಹಿಡಿಯಿತು.

"ಹಾಕಮ್ಮಾ," ಎಂದರು ಮುದುಕರು ಸೊಸೆಗೆ, ಮಗುವಿನ ಹಾಗೆ ಕಣ್ಣೊರೆಸಿಕೊಂಡು. "ಮೊದಲಿಂದ ಬೇಡ. ನೇರ ದೋಣಿಯ ಭಾಗಕ್ಕೇ ಹಾಕು."

ಸೊಸೆ ಡಿಸ್ಕನ್ನು ಅವಳ ಬೆರಳುಗಳಿಂದ ಬಿಡಿಸಿಕೊಳ್ಳಬೇಕಾಯಿತು. ಯಂತ್ರ ಅದನ್ನು ಮೆಲ್ಲಗೆ ಒಳಗೆಳೆದುಕೊಂಡಿತು. ಮುದುಕರು ಬೆನ್ನು ನೆಟ್ಟಗೆ ಮಾಡಿ, ಪರದೆಯ ಕಡೆಗೆ ಬಾಗಿ ಕೂತರು.

ಅಳಿಸಿದ ಚುಕ್ಕೆಯನ್ನು ಅವಳು ಕಳೆದ ತಿಂಗಳು ತನ್ನ ಕೈಯಾರೆ ಮತ್ತೆ ಬರೆದಿದ್ದಳು, ಮೊದಲಿಗಿಂತ ತುಸು ಹೊಳಪಾಗಿ.