ಪ್ಲಸ್ ಹೋಗಿ ಮೈನಸ್

"ನಿನ್ನ ಪ್ರೋಗ್ರಾಂ ಮೊನ್ನೆ ಒಬ್ಬರ ಕೈ ಮುರೀತು," ಎಂದು ಯಜಮಾನ ಕನ್ನಡಕವನ್ನು ಮೇಜಿನ ಮೇಲೆ ಎಸೆದ.

ಕೈ ಮುರಿದುಕೊಂಡವರು ಸಂಗೀತದ ಮೇಷ್ಟರು. ಹೊಸ ಕನ್ನಡಕ ಏರಿಸಿಕೊಂಡು ಮೆಟ್ಟಿಲಿಳಿಯಲು ಹೋಗಿ, ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟಿದ್ದರು. ಅವರ ಕಣ್ಣಿಗೆ ಬೇಕಾದದ್ದು ಪ್ಲಸ್ ಗಾಜು, ಈ ಕನ್ನಡಕದ ಕಾರ್ಖಾನೆ ಉಜ್ಜಿ ಕೊಟ್ಟದ್ದು ಮೈನಸ್. ಅಂಗಡಿಗಳು ಕಳಿಸುವ ಅಂಕಿಗಳನ್ನು ಗಾಜು ಉಜ್ಜುವ ಯಂತ್ರಕ್ಕೆ ತಲುಪಿಸುವುದು ಒಂದು ಕಂಪ್ಯೂಟರ್. ಅದಕ್ಕೆ ಪ್ರೋಗ್ರಾಂ ಬರೆದವನು ಮೇಜಿನ ಈಚೆ, ಹೆಬ್ಬೆರಳಿಗೆ ಸುತ್ತಿದ ಬ್ಯಾಂಡೇಜನ್ನು ನೋಡಿಕೊಳ್ಳುತ್ತ ನಿಂತಿದ್ದ.

ಯಜಮಾನನಿಗೆ ಕೆಲಸಗಾರರು ಇಟ್ಟ ಹೆಸರು ದುರ್ಬೀನು. ಬೇರೆಯವರ ತಪ್ಪು ಎಷ್ಟು ದೂರವಿದ್ದರೂ ಅವನಿಗೆ ದೊಡ್ಡದಾಗಿ ಕಾಣುತ್ತಿತ್ತು. ತನ್ನದಾದರೆ ಕೊಳವೆ ತಿರುಗಿಸಿ ಹಿಡಿಯುತ್ತಿದ್ದ. ಕಂಪ್ಯೂಟರಿನ ಬಗ್ಗೆ ಅವನಿಗೆ ಗೊತ್ತಿದ್ದುದು ಅದರ ಸ್ವಿಚ್ಚು ಎಲ್ಲಿದೆ ಎಂಬುದಷ್ಟೇ. ಆದರೂ ತೀರ್ಪು ಆಗಲೇ ಸಿದ್ಧವಾಗಿತ್ತು. ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ ಬರೆದವನು ನಾಳೆಯಿಂದ ಮನೆಯಲ್ಲಿರಬೇಕು. ನಡುವಯಸ್ಸು ದಾಟಿದವನಿಗೆ, ಅದೂ ಒಬ್ಬರ ಕೈ ಮುರಿಸಿ ಹೊರಬಿದ್ದವನಿಗೆ, ಇನ್ನೆಲ್ಲೂ ಕುರ್ಚಿ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ನಿನ್ನೆ ರಜೆಯ ದಿನವೂ ಬಂದು ಒಬ್ಬನೇ ಕೂತು ಹುಡುಕಿದ್ದೇನೆ, ಪ್ರೋಗ್ರಾಮಿನಲ್ಲಿ ಏನೂ ಸಿಗಲಿಲ್ಲ ಎಂದು ಪ್ರೋಗ್ರಾಮರ್ ತಣ್ಣಗೆ ಹೇಳಿದ. ತಪ್ಪು ಮೆಮೊರಿಯದಿರಬಹುದು. ಲೆಕ್ಕ ಮಾಡುವಾಗ ಕಂಪ್ಯೂಟರ್ ಅಂಕಿಗಳನ್ನು ಗಳಿಗೆಯ ಮಟ್ಟಿಗೆ ಇಟ್ಟುಕೊಳ್ಳುವುದು ಪೆಟ್ಟಿಗೆಯೊಳಗೆ ಸಿಕ್ಕಿಸುವ ಬೆರಳುದ್ದದ ಮೆಮೊರಿ ಪಟ್ಟಿಯಲ್ಲಿ. ಅದರಲ್ಲಿ ಒಂದು ಜಾಗ ಕೆಟ್ಟರೂ ಸಾಕು, ಪ್ಲಸ್ ಎಂದು ಇಟ್ಟದ್ದು ಮೈನಸ್ ಆಗಿ ವಾಪಸು ಬರುತ್ತದೆ. ನೋಡುವವರಿಗೆ ಮಾತ್ರ ಪ್ರೋಗ್ರಾಮೇ ದಾರಿ ತಪ್ಪಿದಂತೆ ಕಾಣುತ್ತದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ ಯಜಮಾನ.

ಸುತ್ತ ನಿಂತ ಕೆಲಸಗಾರರು ನಕ್ಕರು. ಯಜಮಾನನ ಗಾದೆಗೆ ನಗುವುದೂ ಅವರ ಉದ್ಯೋಗದ ಒಂದು ಭಾಗವಾಗಿತ್ತು.

"ಒಂದು ಸಲ ನೆಲ ನೋಡಿಬಿಡಿ ಸಾರ್. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ."

ಯಂತ್ರಗಳನ್ನು ನೋಡಿಕೊಳ್ಳುವ ರಿಪೇರಿ ಅಕ್ಕನನ್ನು ಕರೆಸಿದರು. ಕಾರ್ಖಾನೆ ಶುರುವಾದಾಗಿನಿಂದ ಅಲ್ಲೇ ಇದ್ದ ಹೆಂಗಸು. ಹೋದ ತಿಂಗಳಷ್ಟೇ ಎಲ್ಲ ಮೆಮೊರಿ ಪಟ್ಟಿಗಳನ್ನೂ ಪರೀಕ್ಷಿಸಿದ್ದೇನೆ, ಗುಂಡುಕಲ್ಲಿನ ಹಾಗಿವೆ ಎಂದಳು. ದುರ್ಬೀನಿಗೆ ಆ ಮಾತು ಹಿಡಿಸಿತು. ಪ್ರೋಗ್ರಾಮರನ ಮಾನ ಎಲ್ಲರೆದುರೇ ಹರಾಜಾಗಲಿ ಎಂದು ಇಡೀ ಸಿಬ್ಬಂದಿಯನ್ನು ಪರದೆಯ ಮುಂದೆ ನಿಲ್ಲಿಸಿ, ಪರೀಕ್ಷೆ ಶುರು ಮಾಡಿಸಿದ.

ಹಸಿರು ಸಾಲುಗಳು ಮೂಡುತ್ತ ಹೋದವು. ಯಜಮಾನ ಗಡಿಯಾರ ನೋಡಿಕೊಂಡ, ಆಕಳಿಸಿದ. ಆಮೇಲೆ ಒಂದು ಕೆಂಪು ಸಾಲು ಬಂತು. ಅದರ ಕೆಳಗೆ ಇನ್ನೊಂದು. ನೋಡನೋಡುತ್ತಲೇ ಪರದೆಯೆಲ್ಲ ಕೆಂಪಾಯಿತು.

ತಪ್ಪೊಪ್ಪಿಕೊಳ್ಳುವುದು ದುರ್ಬೀನಿಗೆ ಗೊತ್ತಿರಲಿಲ್ಲ. ಬೈಗುಳದ ದಿಕ್ಕು ಬದಲಿಸುವುದು ಚೆನ್ನಾಗಿ ಗೊತ್ತಿತ್ತು. ಅವನು ನಿಂತಲ್ಲೇ ಅಕ್ಕನ ಕಡೆ ತಿರುಗಿದ. ಅವಳು ಪೆಟ್ಟಿಗೆ ಬಿಚ್ಚಿ ಪಟ್ಟಿಯನ್ನು ಕಿತ್ತು, ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದಳು.

"ಇದು ನಾನು ಹಾಕಿದ್ದಲ್ಲ ಅನ್ಸುತ್ತೆ."

"ಮತ್ತೆ? ಪೆಟ್ಟಿಗೆ ಒಳಗೆ ತಾನಾಗೇ ಮೊಳೀತಾ?"

ಮತ್ತೆ ನಗು. ಪ್ರೋಗ್ರಾಮರ್ ಒಬ್ಬನೇ ನಗಲಿಲ್ಲ. ಬೈಯಬೇಡಿ, ಪಾಪ, ವಯಸ್ಸಾಗಿದೆ, ಈ ಪಟ್ಟಿಗಳೆಲ್ಲ ನೋಡಲು ಒಂದೇ ಥರ ಇರುತ್ತವೆ ಎಂದು ಅವಳ ಪರವಾಗಿಯೇ ಎರಡು ಮಾತಾಡಿದ. ಅಷ್ಟು ಹೊತ್ತು ಅವಮಾನ ನುಂಗಿದವನ ಬಾಯಿಂದ ಇಂಥ ಮಾತು ಬಂತಲ್ಲ ಎಂದು ಕೆಲವರ ಕಣ್ಣೂ ಒದ್ದೆಯಾಯಿತು. ಕಾಸು ಖರ್ಚಿಲ್ಲದ ಕಣ್ಣೀರು, ಬರದೆ ಏನು.

ಮಧ್ಯಾಹ್ನದೊಳಗೆ ಅಕ್ಕನ ಕೆಲಸ ಹೋಯಿತು. ಅವಳು ತನ್ನ ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೇಜುಗಳ ನಡುವೆ ನಡೆದು ಹೋಗುವಾಗ ಒಬ್ಬರೂ ತಲೆಯೆತ್ತಲಿಲ್ಲ. ಎಲ್ಲರಿಗೂ ಇದ್ದಕ್ಕಿದ್ದಂತೆ ಕೈತುಂಬ ಕೆಲಸ ಬಂದಿತ್ತು. ನಾಚಿಕೆಗೇಡಿನ ಜನ. ಅವರಲ್ಲಿ ಅರ್ಧದಷ್ಟು ಮಂದಿಯ ಯಂತ್ರಗಳನ್ನು ಅವಳು ಊಟ ಬಿಟ್ಟು ಸರಿಮಾಡಿಕೊಟ್ಟಿದ್ದಳು.

ಹೊಸ ಮೆಮೊರಿ ಪಟ್ಟಿ ಬಂತು. ಯಾತಕ್ಕೂ ಇರಲಿ ಎಂದು ಪ್ರೋಗ್ರಾಮರ್ ಬಾಗಿಲು ಹಾಕಿಕೊಂಡು, ತನ್ನ ಪ್ರೋಗ್ರಾಮನ್ನೂ ಪೂರ್ತಿ ಅಳಿಸಿ ಹೊಸದಾಗಿ ತುಂಬಿದ. ಆಮೇಲೆ ಒಂದು ಗಾಜೂ ತಪ್ಪಿ ಬರಲಿಲ್ಲ. ಮೆಮೊರಿಯ ಮೇಲೆ ಮೊದಲಿನಿಂದಲೂ ನನಗೆ ಗುಮಾನಿಯಿತ್ತು ಎಂದು ದುರ್ಬೀನು ಬಂದವರಿಗೆಲ್ಲ ಹೇಳತೊಡಗಿದ. ಪ್ರೋಗ್ರಾಮರನಿಗೆ ಕಿಟಕಿಯ ಪಕ್ಕದ ಕೋಣೆ ಸಿಕ್ಕಿತು, ಜೊತೆಗೆ ಬೆನ್ನಿಗೆ ಮೆತ್ತೆಯಿರುವ ಕುರ್ಚಿ. ಯಂತ್ರಗಳ ಉಸ್ತುವಾರಿಯನ್ನೂ ಅವನಿಗೇ ವಹಿಸಿದರು.

ಕೋಣೆ ಸಿಕ್ಕ ದಿನದ ಸಂಜೆ ಅವನು ಮನೆಗೆ ಬಂದಾಗ ಹೆಂಡತಿ ಕಂಪ್ಯೂಟರಿನ ಮುಂದೆ ಕೂತು, ಹೊಲಿಗೆ ಅಂಗಡಿಗಳಿಗೆ ಕೊಡುವ ಉಡುಪಿನ ನಕ್ಷೆ ಬರೆಯುತ್ತಿದ್ದಳು. ಅವಳು ಕತ್ತು ತಿರುಗಿಸದೆಯೇ ಮಾತಾಡಿದಳು.

"ರಜೆ ದಿನ ಕಾರ್ಖಾನೆಯಿಂದ ತಂದು, ಹೆಬ್ಬೆರಳು ಕೊಯ್ದುಕೊಂಡು ಹಾಕಿದ್ರಲ್ಲ, ಆ ಮೆಮೊರಿ ಪಟ್ಟಿ ಬಂದ ಮೇಲೆ ಇದು ಒಂದು ಸಲಾನೂ ಕೈಕೊಟ್ಟಿಲ್ಲ ನೋಡಿ. ಅಂದಹಾಗೆ, ಇದರೊಳಗಿದ್ದ ಆ ಕೆಟ್ಟ ಪಟ್ಟೀನ ಏನು ಮಾಡಿದ್ರಿ?"